ಶೆಟ್ಟಿಹಳ್ಳಿಗೆ ಹೋದ ಮೀನು

ಶನಿವಾರ ಸಂಜೆ ವೇದಾ ಬಾಣಲೆಯಲ್ಲಿ ಕಡಲೆಕಾಯಿ ಹಿಂಡಿ ಹುರಿಯಲು ಇಟ್ಟಳೆಂದರೆ ಮನೆಯೆಲ್ಲ ಎಣ್ಣೆ ಗಾಣದ ವಾಸನೆ. ಪುಡಿ ಮಾಡಿದ ಹಿಂಡಿ ಒಂದು ಪಾವು, ತೌಡು ಎರಡು ಪಾವು, ಒಂದು ಹಿಡಿ ರಾಗಿ ಹಿಟ್ಟು, ಅಂಗೈಯಲ್ಲಿ ತಿಕ್ಕಿದ ಸೋಂಪು. ಬಿಸಿನೀರು ಚಿಮುಕಿಸಿ ಕಲಸಿದರೆ ಮೂಸಂಬಿ ಗಾತ್ರದ ಐದು ಉಂಡೆ. ಆರನೆಯದಕ್ಕೆ ಹಿಟ್ಟು ಮಿಕ್ಕಿದರೂ ಕಟ್ಟುವಂತಿಲ್ಲ. ಅದು ಅಪ್ಪ ಕಲಿಸಿದ ಅಳತೆ. ಉಂಡೆಗಳನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು, ಅಮೃತಹಳ್ಳಿಯ ಎರಡು ಅಡ್ಡರಸ್ತೆ ದಾಟಿ ಅವಳು ಕೆರೆ ಏರಿಗೆ ಹೋಗುತ್ತಾಳೆ. ಮೂರು ವರ್ಷದಿಂದ ಒಂದು ಶನಿವಾರವೂ ತಪ್ಪಿಲ್ಲ. ಜ್ವರ ಬಂದಿದ್ದ ವಾರವೂ ಅಮ್ಮನ ಶಾಲು ಸುತ್ತಿಕೊಂಡು ಹೋಗಿ ಬಂದಿದ್ದಳು.

ಆ ಕೆರೆಯಲ್ಲಿ ಭಾನುವಾರ ಬೆಳಿಗ್ಗೆ ಗಾಳ ಹಾಕುವವರು ಹತ್ತು ಹನ್ನೆರಡು ಜನ. ಯಾರಿಗೂ ಅದು ಹೊಟ್ಟೆಪಾಡಲ್ಲ, ಹುಚ್ಚು. ಮೀನಿನ ಗುತ್ತಿಗೆಯವನು ವಾರಕ್ಕೊಂದು ಬೆಳಿಗ್ಗೆ ಅವರ ಪಾಲಿಗೆ ಬಿಟ್ಟಿದ್ದಾನೆ. ಅವರೊಳಗೆ ಒಂದು ಕಟ್ಟಳೆ ಇದೆ. ಯಾರೂ ಬರೆದಿಟ್ಟಿದ್ದಲ್ಲ, ಯಾರೂ ಮೀರಿದ್ದೂ ಇಲ್ಲ. ಶನಿವಾರ ಸಂಜೆ ಒಂದು ಜಾಗಕ್ಕೆ ಮೇವು ಹಾಕಿ ಮೀನನ್ನು ಕರೆದವರು ಯಾರೋ, ಭಾನುವಾರ ಆ ಜಾಗ ಅವರ ಮನೆಯದು. ಮೇವು ಬೀಳದ ಜಾಗ ಮೊದಲು ಬಂದವನದು.

ಏರಿಯ ಪೂರ್ವದ ತುದಿಗೆ, ಹೊಂಗೆ ಮರದ ಕೆಳಗೆ ಒಂದು ಚಪ್ಪಡಿ ಕಲ್ಲು. ಅದು ವೇದಾಳ ಅಪ್ಪ ಲಕ್ಕಣ್ಣನ ಜಾಗ. ಮೂರು ವರ್ಷದಿಂದ ಲಕ್ಕಣ್ಣ ಅಲ್ಲಿ ಕೂತಿಲ್ಲ. ಆದರೂ ಶನಿವಾರ ತಪ್ಪದೆ ಮೇವು ಬೀಳುತ್ತದಲ್ಲ, ಹಾಗಾಗಿ ಭಾನುವಾರ ಏರಿಯುದ್ದಕ್ಕೂ ಕಾಲಿಡಲು ಜಾಗವಿಲ್ಲದಿದ್ದರೂ ಆ ಕಲ್ಲು ಮಾತ್ರ ಖಾಲಿ.

ಅಪ್ಪ ದೂರವೇನೂ ಹೋಗಿರಲಿಲ್ಲ. ಶೆಟ್ಟಿಹಳ್ಳಿಯಲ್ಲಿದ್ದ. ಹೆಬ್ಬಾಳದಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲದಿದ್ದರೆ ಮುಕ್ಕಾಲು ಗಂಟೆಯ ದಾರಿ. ಬೋರ್‌ವೆಲ್ ಮೋಟರ್ ರಿಪೇರಿಗೆಂದು ಆ ಕಡೆ ಓಡಾಡುತ್ತಿದ್ದವನು, ಒಂದು ಯುಗಾದಿಯ ಮಾರನೆಯ ದಿನ ಸ್ಪ್ಯಾನರ್ ಚೀಲ, ನಾಲ್ಕು ಜೊತೆ ಬಟ್ಟೆ ತೆಗೆದುಕೊಂಡು ಅಲ್ಲಿಯ ಶಶಿರೇಖಾ ಎಂಬುವಳ ಮನೆಗೇ ಹೋಗಿ ಉಳಿದ. ಬಿದಿರಿನ ಗಾಳದ ಕೋಲು ಮಾತ್ರ ಇಲ್ಲೇ ಅಟ್ಟದ ಮೇಲೆ ಉಳಿಯಿತು. ಅಂದಿನಿಂದ ಅಮ್ಮ ಗಂಗರತ್ನಮ್ಮನ ಬಾಯಲ್ಲಿ ಶೆಟ್ಟಿಹಳ್ಳಿ ಒಂದು ಊರಿನ ಹೆಸರಾಗಿ ಉಳಿದಿರಲಿಲ್ಲ. ಮಗಳ ಮೊಬೈಲು ಹೊಡೆದುಕೊಂಡರೆ, “ನಿನ್ ಶೆಟ್ಟಿಹಳ್ಳಿ ಬಡ್ಕೊಂತಾ ಅದೆ ನೋಡು” ಎಂದು ಒಗೆಯುವ ಬಟ್ಟೆಯನ್ನು ಇನ್ನೂ ಜೋರಾಗಿ ಕುಕ್ಕುತ್ತಿದ್ದಳು.

ಫೋನಿನಲ್ಲಿ ಅಪ್ಪ ಮಗಳ ಮಾತು “ಊಟ ಆಯ್ತಾ”ದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. “ಆಯ್ತು, ನಿಂದು?” “ಊಂ.” ಆಮೇಲೆ ಇಬ್ಬರೂ ಒಬ್ಬರ ಮನೆಯ ಟೀವಿ ಸದ್ದನ್ನು ಇನ್ನೊಬ್ಬರು ಕೇಳುತ್ತ ಸ್ವಲ್ಪ ಹೊತ್ತು ಇದ್ದು ಇಡುತ್ತಿದ್ದರು.

ಕಲ್ಲಿನ ಮೇಲೆ ಹಾಗಿರಲಿಲ್ಲ. ಏಳನೇ ವಯಸ್ಸಿನಿಂದ ಅವಳು ಅಪ್ಪನ ಪಕ್ಕ ಆ ಕಲ್ಲಿನ ಮೇಲೆ ಕೂತವಳು. ಗಾಳದ ದಾರಕ್ಕೆ ಕಟ್ಟಿ ನೀರಲ್ಲಿ ತೇಲಬಿಟ್ಟ ಬೆಂಡಿನ ಮೇಲೆ ಇಬ್ಬರ ಕಣ್ಣು. ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವೇ ಇಲ್ಲ. ಹಾಗಿದ್ದಾಗ ವೇದಾಳ ಬಾಯಿಂದ ಮಾತು ತಾನಾಗಿ ಬರುತ್ತಿತ್ತು. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳಲಾಗದೆ ಅತ್ತಿದ್ದು, ಗೆಳತಿ ಮಾತು ಬಿಟ್ಟಿದ್ದು, ಡಿಗ್ರಿಯಲ್ಲಿ ಒಂದು ಪೇಪರ್ ಹೋಗಿದ್ದು, ಎಲ್ಲವನ್ನೂ ಅವಳು ಮೊದಲು ಹೇಳಿದ್ದು ಆ ಬೆಂಡಿಗೆ. ಅಪ್ಪ ಪಕ್ಕದಲ್ಲಿ “ಊಂ” ಎನ್ನುತ್ತಿದ್ದ, ಅಷ್ಟೇ. ಈಗ ಅವಳಿಗೆ ಇಪ್ಪತ್ತನಾಲ್ಕು. ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ. ಮೂರು ವರ್ಷದ ಮಾತು ಎದೆಯಲ್ಲಿ ಹಾಗೇ ಇತ್ತು.

ಆ ಶನಿವಾರ ಅವಳು ಡಬ್ಬಿ ಹಿಡಿದು ಕಲ್ಲಿನ ಹತ್ತಿರ ಬಂದಾಗ ಪಕ್ಕದ ಜಾಗದಲ್ಲಿ ಗಯಾಸ್ ತನ್ನ ಮೇವು ಎಸೆಯುತ್ತಿದ್ದ. ಬ್ಯಾಟರಾಯನಪುರದಲ್ಲಿ ಗಾಳ, ತಂಗೂಸಿ ದಾರ, ಬಲೆ ಮಾರುವ ಸಣ್ಣ ಅಂಗಡಿಯವನು. ಅಪ್ಪನ ಹಳೆಯ ಜೊತೆಗಾರ.

“ವೇದಾ ಬೇಟಾ, ಒಂದ್ ಸಮಾಚಾರ ಐತೆ. ಮೊದ್ಲು ಕೂತ್ಕೋ. ಕೇಳಿ ಕೆರೆಗೆ ಬಿದ್ಗಿದ್ಬಿಟ್ರೆ ನಂಗೆ ಈಜು ಬರಲ್ಲ.”

“ಏನ್ ಅಂಕಲ್?”

“ನಿಮ್ಮಪ್ಪ ಅಂಗಡಿಗೆ ಬಂದಿದ್ರು. ಗಾಳ ತಗೊಂಡ್ರು. ನಾಳೆ ಬರ್ತಾರೆ.”

ಅವಳು ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದಳು. “ಯಾಕಂತೆ?”

“ಯಾಕೆ ಅಂದ್ರೆ? ಗಾಳ ತಗೊಂಡೋರು ಹೇರ್ ಕಟಿಂಗ್‌ಗೆ ಹೋಗ್ತಾರಾ?” ಗಯಾಸ್ ನಕ್ಕ. ಆಮೇಲೆ ದನಿ ಇಳಿಸಿದ. “ನಾನೇ ಬಾಯ್ಬಿಟ್ಟೆ. ಮೂರು ವರ್ಷದಿಂದ ನಿಮ್ಮ ಮಗಳು ಮೇವು ಹಾಕ್ತಾ ಅವಳೆ, ಕಲ್ಲಿನ ಮೇಲೆ ಒಬ್ಬನ್ನೂ ಕೂರೋಕೆ ಬಿಟ್ಟಿಲ್ಲ ಅಂದೆ. ಬಹಳ ಹೊತ್ತು ಗಾಳದ ಪ್ಯಾಕೆಟ್ಟೇ ನೋಡ್ತಿದ್ರು. ಆ ಮನೇಲಿ ಭಾನುವಾರ ಹೊರಗೆ ಕಾಲಿಟ್ರೆ ಎಲ್ಲಿಗೆ, ಯಾಕೆ, ಯಾರ ಜೊತೆ ಅಂತ ಕೇಳ್ತಾರಂತೆ. ಕೈಯಲ್ಲಿ ಮೀನಿದ್ರೆ ಮಾತಿಲ್ಲ ಅಂತೆ. ‘ಮೀನು ಬೀಳಂಗಿದ್ರೆ ವಾರಾವಾರ ಬರಬೋದು ಗಯಾಸೂ’ ಅಂದ್ರು.”

ಅಷ್ಟರಲ್ಲಿ ಏರಿಯ ಮೇಲಿಂದ ಮಹೇಂದ್ರ ಇಳಿದು ಬಂದ. ಸಹಕಾರನಗರದವನು, ದುಬಾರಿ ರೀಲು, ಟೋಪಿ, ಜೇಬುಗಳೇ ತುಂಬಿದ ಜಾಕೀಟು. ಹಿಡಿದ ಮೀನಿನ ಜೊತೆ ಫೋಟೋ ತೆಗೆಸಿಕೊಂಡು ಮತ್ತೆ ಕೆರೆಗೇ ಬಿಡುವುದು ಅವನ ಪದ್ಧತಿ. “ಏನ್ ಮೇಡಂ, ನಿಮ್ಮ ಬಾಲ್ಕನಿ ಸೀಟು ನಾಳೆನೂ ಖಾಲಿನಾ?” ಎಂದ. ವೇದಾ ಎಂದಿನಂತೆ ಕಾಲಿನ ಹೆಬ್ಬೆರಳು ನೋಡಿದಳು.

“ನಾಳೆ ಹೌಸ್‌ಫುಲ್ ಗುರು,” ಎಂದ ಗಯಾಸ್. “ಲಕ್ಕಣ್ಣ ಬರ್ತಾರೆ. ಮೀನು ಹಿಡಿಯೋದು ಅಂದ್ರೆ ಏನು ಅಂತ ನೋಡ್ಕೋ. ನಿನ್ನದು ಹೆಣ್ಣು ನೋಡೋಕೆ ಹೋಗಿ ಉಪ್ಪಿಟ್ಟು ತಿಂದು ಬರೋರ ಥರ.”

ಅವರಿಬ್ಬರೂ ಹೋದ ಮೇಲೆ ವೇದಾ ಐದು ಉಂಡೆಗಳನ್ನು ಒಂದೊಂದಾಗಿ ಅದೇ ಜಾಗಕ್ಕೆ ಹಾಕಿದಳು. ಉಂಗುರಗಳು ಅಳಿದು ನೀರು ಸಮವಾಯಿತು. ಅಪ್ಪ ವಾರಾವಾರ ಎಂದಿದ್ದಾನೆ. ಮೀನು ಬೀಳಂಗಿದ್ರೆ. ಐದು ಉಂಡೆ ಸಾಲದೆ ಹೋದರೆ? ಮಹೇಂದ್ರನ ಕಡೆಯ ಮೇವಿಗೆ ಎಲ್ಲ ಮೀನೂ ಅತ್ತ ಹೋಗಿಬಿಟ್ಟರೆ? ಮನೆಗೆ ಬಂದವಳೇ ಮತ್ತೆ ಬಾಣಲೆ ಇಟ್ಟಳು.

ಹಾಲ್‌ನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಮೂಗು ಎತ್ತಿದಳು. “ಏನು, ಕೆರೆ ಮೀನಿಗೆ ಮದ್ವೆನಾ? ಎರಡ್ನೇ ಪಂಕ್ತಿ ನಡೀತಾ ಅದೆ.”

“ಸುಮ್ನೆ ಅಮ್ಮ. ತೌಡು ಹುಳ ಬಿದ್ದೋಗುತ್ತೆ ಅಂತ.”

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಸುಲಿದು ತಟ್ಟೆಗೆ ಹಾಕಿದಳು. ಅವಳಿಗೆ ಸುಳ್ಳು ಹೇಳಿ ಗೆದ್ದವನು ಆ ಮನೆಯಲ್ಲಿ ಒಬ್ಬನೇ. ಅವನೂ ಬಹಳ ಕಾಲ ಗೆದ್ದಿರಲಿಲ್ಲ. “ಬತ್ತಾನಂತಾ?” ಎಂದು ಕೇಳಿದಳು.

ವೇದಾ ಹೌದೆಂದು ತಲೆಯಾಡಿಸಿದಳು.

“ಬರ್ಲಿ. ಕೆರೆ ಯಾರಪ್ಪನ ಮನೇದೂ ಅಲ್ಲ. ಈ ಒಸ್ಲು ಮಾತ್ರ ತುಳಿಯೋದು ಬ್ಯಾಡ.” ಸುಲಿದ ಕಾಳಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೋಗುತ್ತ, “ಆ ಬಾಣ್ಲೆ ಸೀದು ಓಗ್ತದೆ, ತಿರುವು,” ಎಂದಳು.

ಎರಡನೆಯ ಸಲ ಹತ್ತು ಉಂಡೆ ಹಾಕಿ ಬಂದಳು. ಭಾನುವಾರ ಐದು ಗಂಟೆಗೇ ಎದ್ದು, ರಾತ್ರಿ ಮಿಕ್ಕ ಹಿಟ್ಟಿನಲ್ಲಿ ಇನ್ನೂ ಐದು ಕಟ್ಟಿದಳು. ಅಟ್ಟದಿಂದ ಕೋಲು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡನ್ನೂ ಹಿಡಿದು ಕೆರೆಗೆ ಹೋಗಿ, ಆ ಐದನ್ನೂ ನೀರಿಗೆ ಹಾಕಿದಳು.

ಆರೂಕಾಲಿಗೆ ಏರಿಯ ಆಚೆ ಟಿವಿಎಸ್ ಗಾಡಿಯ ಸದ್ದು. ಅಪ್ಪ ಇಳಿದು ಬಂದ. ಸ್ವಲ್ಪ ಸೊರಗಿದ್ದ. ಕೂದಲಿಗೆ ಕಪ್ಪು ಬಣ್ಣ ಹಾಕಿಸಿಕೊಂಡಿದ್ದ. ವೇದಾ ಅದನ್ನು ನೋಡದವಳಂತೆ ಕೋಲು ಮುಂದೆ ಹಿಡಿದಳು.

“ಬಂದ್ಯಾ?”

“ಬಂದೆ. ಎಂಗಿದ್ದೀಯವ್ವ?”

“ಚೆನ್ನಾಗಿದ್ದೀನಿ.”

ಅಷ್ಟು ಹೇಳಿ ಇಬ್ಬರೂ ಕಲ್ಲಿನ ಮೇಲೆ ಕೂತರು. ಅಪ್ಪ ಹಳೆಯ ತಂಗೂಸಿ ಬಿಚ್ಚಿ, ಹೊಸ ಗಾಳ ಕಟ್ಟಿ, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿದ. ಮೈದಾ ಉಂಡೆಯನ್ನು ಗಾಳಕ್ಕೆ ಒತ್ತಿ ಎಸೆದ. ಬೆಂಡು ನೀರಿಗೆ ಬಿದ್ದು, ಒಮ್ಮೆ ಮಲಗಿ, ಎದ್ದು ನಿಂತಿತು.

ಬೆಂಡಿನ ಸುತ್ತ ನೀರಿನಿಂದ ಗುಳ್ಳೆಗಳು ಏಳುತ್ತಿದ್ದವು. ಒಂದಲ್ಲ ಎರಡಲ್ಲ, ಅನ್ನ ಕುದಿಯುವ ಹಾಗೆ. ಅಪ್ಪನ ಬೆನ್ನು ನೆಟ್ಟಗಾಯಿತು. “ಏಯ್, ಕೆಳ್ಗೆ ಜಾತ್ರೆನೇ ಸೇರ್ಯದೆ,” ಎಂದು ಪಿಸುಗುಟ್ಟಿದ. ವೇದಾಳಿಗೆ ಉಸಿರು ಹಗುರಾಯಿತು. ಇನ್ನೇನು, ಈಗ, ಇದೀಗ ಬೆಂಡು ಮುಳುಗುತ್ತದೆ. ಅದು ಮುಳುಗಿದರೆ ಬರುವ ಭಾನುವಾರ ಉಂಟು, ಅದರಾಚೆಯ ಭಾನುವಾರವೂ ಉಂಟು. ಅಷ್ಟು ಭಾನುವಾರಗಳಿದ್ದರೆ ಮೂರು ವರ್ಷದ್ದನ್ನು ನಿಧಾನವಾಗಿ ಹೇಳಿಕೊಳ್ಳಬಹುದು.

ಏಳು ಗಂಟೆಯಾಯಿತು. ಬೆಂಡು ಅಲ್ಲಾಡಲಿಲ್ಲ. ಗಯಾಸ್‌ಗೆ ಒಂದು ಜಿಲೇಬಿ ಮೀನು ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಆಚೆ ಮಹೇಂದ್ರ ಯಾವುದನ್ನೋ ಹಿಡಿದು, ಫೋಟೋ ತೆಗೆಸಿಕೊಂಡು, ನೀರಿಗೆ ಬಿಟ್ಟ. ಅಪ್ಪ ಮೈದಾ ತೆಗೆದು ಎರೆಹುಳು ಹಾಕಿದ. ಎರೆಹುಳು ತೆಗೆದು ಬ್ರೆಡ್ಡು ಹಾಕಿದ. ಗುಳ್ಳೆ ಮಾತ್ರ ನಿಲ್ಲಲಿಲ್ಲ. ಎಂಟಾಯಿತು. ಅಪ್ಪ ಕೋಲನ್ನು ಕಲ್ಲಿಗೆ ಒರಗಿಸಿ, ಕುಕ್ಕರುಗಾಲಲ್ಲಿ ಕೂತು, ದಡದ ಕೆಸರನ್ನು ಬೆರಳಲ್ಲಿ ತೆಗೆದು ಮೂಸಿದ. ಕೆಸರಿಗೂ ಸೋಂಪಿನ ವಾಸನೆ.

“ಎಷ್ಟ್ ಆಕ್ದೆ?”

“ಐದು.”

“ವೇದಾ.”

“...ಇಪ್ಪತ್ತು.”

ಪಕ್ಕದಿಂದ ಗಯಾಸ್ ಹಣೆ ಹೊಡೆದುಕೊಂಡ. “ಯಾ ಅಲ್ಲಾ! ಇಪ್ಪತ್ತಾ? ಅವು ಇವತ್ತು ಕಚ್ಚಲ್ಲ ಬೇಟಾ. ಆ ಗುಳ್ಳೆ ಎಲ್ಲಾ ಗ್ಯಾಸು. ಅವಕ್ಕೆ ಗಾಳ ಬೇಡ, ಮಾತ್ರೆ ಬೇಕು.”

ಅಪ್ಪ ನಕ್ಕ. ತುಟಿಗೆ ಬಂದ ನಗು ಹೊಟ್ಟೆಗಿಳಿದು ಭುಜ ಕುಣಿಯುವ ಹಾಗೆ ನಕ್ಕು, ಇದ್ದಕ್ಕಿದ್ದಂತೆ ನಿಲ್ಲಿಸಿದ. ಇಪ್ಪತ್ತು ಉಂಡೆ ಎಂದರೇನು ಎಂಬುದು ಅವನಿಗೆ ಆಗ ಹೊಳೆದಿರಬೇಕು. ಕೆಸರಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

“ಆಸೆ ಅತ್ತಿಸ್ಬೇಕು, ಒಟ್ಟೆ ತುಂಬಿಸ್ಬಾರ್ದು ಅಂತ ಚಿಕ್ಕೋಳಿದ್ದಾಗ್ಲೇ ಏಳ್ಕೊಟ್ಟಿದ್ನಲ್ಲವ್ವ. ಮರ್ತೋಯ್ತಾ?”

“ಮರ್ತಿಲ್ಲ.”

“ಮತ್ತೆ?”

ವೇದಾ ಬೆಂಡನ್ನು ನೋಡಿದಳು. ಮೊದಲಾಗಿದ್ದರೆ ಅದು ಅವಳ ಬಾಯಿ ಬಿಡಿಸುತ್ತಿತ್ತು. ಇವತ್ತು ಅದು ಸುಮ್ಮನೆ ನಿಂತಿತ್ತು. ತಾನೇ ಹೇಳಬೇಕಾಯಿತು. “ಮೀನು ಬೀಳದೆ ಇದ್ರೂ ಬಾ ಅಪ್ಪ. ಸುಮ್ನೆ ಕೂತ್ಕೊಳ್ಳೋಣ.”

ಅಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿ, ಹಾಗೇ ಒಳಗಿಟ್ಟ. ಅದು ನಿಂತು, ಮತ್ತೆ ಶುರುವಾಯಿತು. “ಬರಿಗೈಲಿ ಓದ್ರೆ ಅಲ್ಲಿ ಏನಂತ ಏಳ್ಲಿ ಮಗ? ಕೆರೆ ಅಂತ ಏಳಿ ಬಂದಿವ್ನಿ. ಮೀನಿಲ್ದೆ ಓದ್ರೆ, ಕೆರೆಗಲ್ಲ, ಹಳೇ ಮನೆಗೇ ಓಗಿದ್ದೆ ಅಂತಾಳೆ. ಬರೋ ವಾರ ಗಾಡಿ ಕೀನೇ ಕೊಡಲ್ಲ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಟ್ಟ ಮೋಟರೊಂದರ ಬಗ್ಗೆ ಹೇಳುವವನ ಹಾಗೆ ಹೇಳಿದ.

“ನನ್ದು ತಗೊಳ್ಳಿ ಲಕ್ಕಣ್ಣ,” ಗಯಾಸ್ ಬಕೆಟ್ಟನ್ನು ಮುಂದೆ ತಳ್ಳಿದ. ಒಳಗೆ ಅಂಗೈಯಗಲದ ಎರಡು ಜಿಲೇಬಿ ಮೀನು.

“ಬ್ಯಾಡ ಗಯಾಸೂ. ಇನ್ನೊಬ್ರ ಗಾಳದ ಮೀನು ನಾನು ಈಗಂಟ ಮನೆಗ್ ಒತ್ತಿಲ್ಲ.” ಅಪ್ಪ ತಂಗೂಸಿ ಸುತ್ತತೊಡಗಿದ. ಗಂಟೆ ಒಂಬತ್ತೂ ಆಗಿರಲಿಲ್ಲ. ಸುತ್ತಿದ ಒಂದೊಂದು ಸುತ್ತಿಗೂ ವೇದಾಳಿಗೆ ಒಂದೊಂದು ಭಾನುವಾರ ಕೈಯಿಂದ ಜಾರಿದಂತೆ ಕಂಡಿತು. ಆಗಲೇ ಆಚೆಯಿಂದ ಮಹೇಂದ್ರನ ಕೂಗು ಕೇಳಿತು. ಅವನ ಕೋಲು ಬಿಲ್ಲಿನಂತೆ ಬಾಗಿತ್ತು.

ವೇದಾ ಎದ್ದಳು. ಏರಿಯ ಮೇಲೆ ಕೂತವರ ಬೆನ್ನ ಹಿಂದಿನಿಂದ, ಬಕೆಟ್ಟುಗಳನ್ನು ದಾಟಿಕೊಂಡು, ಮೊದಲು ನಡೆದು ಆಮೇಲೆ ಓಡಿದಳು. ಮಹೇಂದ್ರ ಒಂದೂವರೆ ಕೇಜಿಯ ರೋಹು ಮೀನನ್ನು ಎರಡೂ ಕೈಯಲ್ಲಿ ಹಿಡಿದು ಫೋನಿನ ಕಡೆ ನಕ್ಕು, ನೀರಿನ ಕಡೆ ಬಗ್ಗುತ್ತಿದ್ದ.

“ಬಿಡಬೇಡಿ!”

ಏರಿಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆ ದನಿ ಅಷ್ಟು ದೊಡ್ಡದಾಗಿ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. “ಸಾರ್... ಅದನ್ನ ನಂಗೆ ಕೊಡ್ತೀರಾ?”

“ಮೇಡಂ, ನಾನು ಬಿಟ್ಬಿಡ್ತೀನಲ್ಲ, ನಿಮಗೆ ಗೊತ್ತಲ್ಲ. ಸಾಯ್ಸೋದು ನಂಗಾಗಲ್ಲ.”

“ಗೊತ್ತು ಸಾರ್. ಇದೊಂದು. ನಮ್ಮಪ್ಪಂಗೆ.”

ಮಹೇಂದ್ರ ದೂರದ ಕಲ್ಲಿನ ಕಡೆ ನೋಡಿದ. ಅಲ್ಲಿ ಲಕ್ಕಣ್ಣ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಮಹೇಂದ್ರನಿಗೆ ಏನು ಅರ್ಥವಾಯಿತೋ, ಮೀನನ್ನು ಅವಳ ದುಪಟ್ಟಾದ ಮೇಲಿಟ್ಟು ಮುಖ ಅತ್ತ ತಿರುಗಿಸಿದ. “ನನ್ನ ಎದುರಿಗೆ ಏನೂ ಮಾಡ್ಬೇಡಿ, ಅಷ್ಟೇ.”

ಮೀನು ಎದೆಗೆ ಬಡಿಯುತ್ತಿತ್ತು. ಅದನ್ನು ಅವುಚಿಕೊಂಡು ಬಂದವಳನ್ನು ನೋಡಿ ಅಪ್ಪ ತಲೆಯಾಡಿಸಿದ. “ಏಳಿದ್ನಲ್ಲ. ಇನ್ನೊಬ್ರದ್ದು ಬ್ಯಾಡ.”

“ಇನ್ನೊಬ್ರದ್ದಲ್ಲ,” ಎಂದಳು ವೇದಾ. ಏದುಸಿರು ಬಿಡುತ್ತಿದ್ದಳು. “ಇದರ ಹೊಟ್ಟೇಲಿರೋದು ನನ್ನ ಮೇವು. ಮೂರು ವರ್ಷದಿಂದ ತಿಂದು ಬೆಳೆದಿರೋದು ನನ್ನದೇ. ಯಾರ ಗಾಳ ಆದ್ರೆ ಏನು?”

ಗಯಾಸ್ ತನ್ನ ಬೆಂಡಿನ ಕಡೆ ತಿರುಗಿದ.

ಅಪ್ಪ ಮೀನನ್ನು ನೋಡಿದ. ಅವಳ ಒದ್ದೆ ದುಪಟ್ಟಾ ನೋಡಿದ. ಆಮೇಲೆ ಎರಡೂ ಕೈ ಚಾಚಿದ.

ಗಾಡಿಯ ಹತ್ತಿರ ಇಬ್ಬರೂ ಸೇರಿ ಮೀನನ್ನು ಒದ್ದೆ ಗೋಣಿತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಕೋಲನ್ನು ಅಪ್ಪ ವೇದಾಳ ಕೈಗೆ ಕೊಟ್ಟ. ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿ, ಗಾಡಿ ಹತ್ತದೆ ನಿಂತ. “ಎಲ್ಲಿ ಕಚ್ತು ಅಂತ ಕೇಳ್ತಾಳೆ. ಅವ್ಳಪ್ಪನೂ ಗಾಳದೋನೇ. ಸುಳ್ಳೇಳಿದ್ರೆ ಇಡೀತಾಳೆ.”

“ಕಲ್ಲಿನ ಎಡಕ್ಕೆ ಅನ್ನು. ಜೊಂಡಿನ ಪಕ್ಕ.”

“ಎಷ್ಟೊತ್ಗೆ?”

“ಎಂಟೂವರೆಗೆ. ಅಲ್ಲೀವರೆಗೂ ಬರೀ ಗುಳ್ಳೆ. ಆಮೇಲೆ ಬೆಂಡು ಎರಡು ಸಲ ಅಲ್ಲಾಡ್ತು. ಮೂರನೇ ಸಲಕ್ಕೆ ಓರೆಯಾಗಿ ಓಡ್ತು. ನೀನು ತಾಳು ತಾಳು ಅಂದೆ...”

“ಯಾರ್ಗೆ ಅಂದೆ?”

ವೇದಾ ನಿಂತಳು. ಆ ಕತೆಯೊಳಗೆ ತಾನೂ ಕಲ್ಲಿನ ಮೇಲೆ ಕೂತುಬಿಟ್ಟಿದ್ದುದು ಅವಳಿಗೆ ಆಗ ಗೊತ್ತಾಯಿತು. “ನಿಂಗೆ ನೀನೇ ಅಂದ್ಕೊಂಡೆ,” ಎಂದಳು.

“ಊಂ,” ಎಂದ ಅಪ್ಪ.

“ಆಮೇಲೆ ಎಳೆದೆ. ಮೀನು ಬಲಕ್ಕೆ ನುಗ್ತು, ಗಯಾಸ್ ಅಂಕಲ್ ತಂಗೂಸಿಗೆ ಸಿಕ್ಕಾಕೊಳ್ಳೋದ್ರಲ್ಲಿತ್ತು. ಹತ್ತು ನಿಮಿಷ ಆಟ ಆಡಿಸ್ತು.”

“ಈ ಸೈಜಿಗೆ ಅತ್ತಾ? ನಗ್ತಾಳೆ. ಮೂರು ಸಾಕು.”

“ಬಿದಿರಿನ ಕೋಲಲ್ಲಿ ಮೂರು ನಿಮಿಷಕ್ಕೆ ಬರುತ್ತಾ? ಐದಾದ್ರೂ ಬೇಕು.”

“ಆಯ್ತು, ಐದು.” ಅಪ್ಪ ನಕ್ಕ. ವೇದಾಳೂ ನಕ್ಕಳು. ಮೂರು ವರ್ಷದಲ್ಲಿ ಅವರಿಬ್ಬರೂ ಇಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಆಡಿದ್ದರಲ್ಲಿ ಒಂದೂ ನಡೆದದ್ದಲ್ಲ. ಆದರೂ ನೀರು, ಜೊಂಡು, ಓರೆಯಾಗಿ ಓಡಿದ ಬೆಂಡು, ಎಲ್ಲವೂ ಅವಳ ಕಣ್ಣಿಗೆ ಕಟ್ಟಿದಂತಿತ್ತು. ಇದು ಮುಗಿಯದಿದ್ದರೆ ಸಾಕು ಎಂದುಕೊಂಡಳು.

ಅಪ್ಪನ ನಗು ಮೆಲ್ಲಗೆ ಇಳಿಯಿತು. “ದಡಕ್ಕೆ ಬಂದಾಗ ಕೈಬಲೆ ಇಡುದ್ರಲ್ಲ, ಯಾರು ಅಂದ್ರೆ?”

ಅವನು ಅವಳ ಮುಖ ನೋಡಲಿಲ್ಲ, ಚೀಲದ ಗಂಟನ್ನು ನೋಡುತ್ತಿದ್ದ. ಕೋಲು ಹಿಡಿದು ಮೀನು ಎಳೆಯುವವನಿಗೆ, ಕೈಬಲೆ ಒಡ್ಡಿ ಅದನ್ನು ಎತ್ತಿಕೊಳ್ಳಲು ಪಕ್ಕದಲ್ಲಿ ಒಬ್ಬರಿರಲೇಬೇಕು. ಶೆಟ್ಟಿಹಳ್ಳಿಯ ಆ ಮನೆಯವಳಿಗೂ ಅದು ಗೊತ್ತು.

“ಗಯಾಸ್ ಅಂಕಲ್ ಅನ್ನು,” ಎಂದಳು ವೇದಾ.

“ಊಂ. ಅಂಗೇ ಅಂತೀನಿ.”

ಜೇಬಿನಲ್ಲಿ ಫೋನು ಮತ್ತೆ ಶುರುವಾಯಿತು. ಅಪ್ಪ ಗಾಡಿ ಹತ್ತಿ ಒದ್ದ. ಎರಡನೇ ಒದೆಗೆ ಅದು ಎದ್ದಿತು. “ಬರೋ ವಾರ...” ಎಂದು ಶುರುಮಾಡಿದವನು, “ನೋಡಾನ,” ಎಂದು ಮುಗಿಸಿದ. ಚೀಲದೊಳಗಿನ ಮೀನು ಇನ್ನೂ ಒಮ್ಮೆ ಕೊಸರಿತು. ಗಾಡಿ ಏರಿಯ ಇಳಿಜಾರು ಇಳಿದು, ಹೆಬ್ಬಾಳದ ಕಡೆ ಹೋಗುವ ರಸ್ತೆಯ ಗದ್ದಲದಲ್ಲಿ ಸೇರಿಹೋಯಿತು.

ವೇದಾ ಕಲ್ಲಿಗೆ ಮರಳಿ ಬಂದು ಕೂತಳು. ಬಿಸಿಲು ಏರುತ್ತಿತ್ತು, ಒಬ್ಬೊಬ್ಬರಾಗಿ ಜನ ಎದ್ದು ಹೋಗುತ್ತಿದ್ದರು. ಅಪ್ಪ ಈಗ ಹೆಬ್ಬಾಳ ದಾಟಿರುತ್ತಾನೆ, ದಾರಿಯುದ್ದಕ್ಕೂ ಆ ಕತೆಯನ್ನೇ ಬಾಯಿಪಾಠ ಮಾಡಿಕೊಳ್ಳುತ್ತಿರುತ್ತಾನೆ. ಅವಳೂ ಅದನ್ನು ಮೊದಲಿನಿಂದ ಹೇಳಿಕೊಂಡಳು, ಎಂಟೂವರೆ, ಜೊಂಡಿನ ಪಕ್ಕ, ಎರಡು ಸಲ ಅಲ್ಲಾಡಿದ ಬೆಂಡು. ಈ ಸಲ ಮೀನು ಪೂರಾ ಹತ್ತು ನಿಮಿಷ ಎಳೆದುಕೊಂಡು ಓಡಾಡಿತು. ಅಪ್ಪ ತಾಳು ತಾಳು ಎಂದದ್ದು ಅವಳಿಗೆ, ಕೈಬಲೆ ಅವಳ ಕೈಯಲ್ಲಿತ್ತು.